ಜೋಡಿ ಅದಲುಬದಲು ಮಾಡಿಕೊಂಡವರ ಮದುವೆ ಎಷ್ಟು ವರ್ಷ ಬಾಳುತ್ತದೆ? ಲೆಕ್ಕ ಹಾಕುವುದು ಹೀಗೆ

ನಾನು 33 ವರ್ಷ ಬ್ಯಾಂಕಿನಲ್ಲಿ ದುಡಿದವಳು. ಅದರಲ್ಲಿ ಜಾಸ್ತಿ ವರ್ಷ ಕಳೆದದ್ದು ಸಾಲದ ವಿಭಾಗದಲ್ಲಿ. ನಿವೃತ್ತಿಯಾದ ಮೇಲೆ ಅಂಚೆ ಮೂಲಕ ಕೌನ್ಸೆಲಿಂಗ್ ಕಲಿತೆ. ಈಗ ಮಂಗಳೂರಿನ ಕದ್ರಿಯ ನಮ್ಮ ಮನೆಯ ಕೆಳಗಿನ ಕೋಣೆಯಲ್ಲಿ ವಾರಕ್ಕೆರಡು ಸಂಜೆ ಗಂಡ ಹೆಂಡಿರ ಜಗಳ ಕೇಳುತ್ತಾ ಕೂರುತ್ತೇನೆ. ದುಡ್ಡು ತೆಗೆದುಕೊಳ್ಳುವುದಿಲ್ಲ. ಅತ್ತೆ, ಸಾಲ, ಕುಡಿತ, ಗಲ್ಫ್‌ನಿಂದ ವರ್ಷಕ್ಕೊಮ್ಮೆ ಬರುವ ಗಂಡ, ಬರುವ ವಿಷಯಗಳು ಹೆಚ್ಚಾಗಿ ಇವೇ. ಇತ್ತೀಚೆಗೆ ಹೊಸದೊಂದು ಸೇರಿದೆ. ಬಾಗಿಲು ಹಾಕಿ, ಫ್ಯಾನ್ ಜೋರು ಮಾಡಿ, ಧ್ವನಿ ಇಳಿಸಿ ಕೇಳುತ್ತಾರೆ: "ಮೇಡಂ, ಸ್ವಿಂಗಿಂಗ್ ಅಂತ ಉಂಟಲ್ಲ, ಅದು ಮಾಡಿದವರ ಸಂಸಾರ ಉಳಿಯುತ್ತದಾ?"

ಅಂದರೆ ಇಬ್ಬರೂ ಒಪ್ಪಿ, ಬೇರೆ ದಂಪತಿಯ ಜೊತೆ ಹಾಸಿಗೆ ಬದಲಿಸಿಕೊಳ್ಳುವುದು. ಕದ್ದು ಮಾಡುವ ಸಂಬಂಧ ಬೇರೆ, ಇದು ಬೇರೆ. ನಾನು ಮಾಡಿ ಅಂತಲೂ ಹೇಳುವುದಿಲ್ಲ, ಛೀ ಅಂತಲೂ ಹೇಳುವುದಿಲ್ಲ. ಸಾಲ ಕೇಳಲು ಬಂದವರಿಗೆ ಹೇಳುತ್ತಿದ್ದ ಹಾಗೆ, ಮೊದಲು ಲೆಕ್ಕ ನೋಡುವ ಅನ್ನುತ್ತೇನೆ.

ಹೊರಗಿನ ಲೆಕ್ಕದಿಂದ ಶುರು ಮಾಡಿ. ಗಂಡ ಮೊಬೈಲಿನಲ್ಲಿ ತೋರಿಸುವ ಅಂಕಿ ಹೆಚ್ಚಾಗಿ ಒಂದೇ. 2000ನೇ ಇಸವಿಯಲ್ಲಿ ಕರ್ಟಿಸ್ ಬರ್ಗ್‌ಸ್ಟ್ರಾಂಡ್ ಮತ್ತು ಜೆನಿಫರ್ ಬ್ಲೆವಿನ್ಸ್ ವಿಲಿಯಮ್ಸ್ ಎಂಬ ಸಂಶೋಧಕರು ಇಂಟರ್ನೆಟ್ ಮೂಲಕ 1,092 ಸ್ವಿಂಗರ್‌ಗಳನ್ನು ಪ್ರಶ್ನಿಸಿದ್ದರು. ಶೇ. 62.6 ಮಂದಿ ಇದರಿಂದ ನಮ್ಮ ಸಂಬಂಧ ಸುಧಾರಿಸಿತು ಅಂದರು. ಶೇ. 35.6 ಮಂದಿ ಮೊದಲಿದ್ದ ಹಾಗೇ ಉಂಟು ಅಂದರು. ಕೆಟ್ಟಿತು ಅಂದವರು ಶೇ. 1.7 ಮಾತ್ರ.

ನೋಡಿದ ಕೂಡಲೇ ನನ್ನೊಳಗಿನ ಬ್ಯಾಂಕಿನವಳು ಎದ್ದು ಕೂತಳು. ನಮ್ಮ ಶಾಖೆಯ ಸಾಲಗಾರರೆಲ್ಲ ಸರಿಯಾಗಿ ಕಂತು ಕಟ್ಟುತ್ತಾರೆ ಅಂತ ತೋರಿಸಬೇಕಾ? ಸುಲಭ. ಸುಸ್ತಿಯಾಗಿ ಮುಚ್ಚಿಹೋದ ಖಾತೆಗಳನ್ನು ಪಟ್ಟಿಗೆ ಹಾಕದಿದ್ದರಾಯಿತು. ಈ ಸರ್ವೆಯಲ್ಲಿ ಉತ್ತರ ಕೊಟ್ಟವರು ಆಗಲೂ ಅದರೊಳಗೇ ಇದ್ದವರು. ಒಂದು ಸಲ ಹೋಗಿ ಕಾರಿನಲ್ಲಿ ಅಳುತ್ತಾ ವಾಪಸ್ ಬಂದವಳು, ಆರು ತಿಂಗಳಿಗೆ ಬೇರೆಯಾದವರು, ಇಂಥವರಿಗೆ ಆ ಪ್ರಶ್ನೆಪತ್ರಿಕೆ ಸಿಗುವುದಾದರೂ ಹೇಗೆ?

ಬಿಟ್ಟವರ ಲೆಕ್ಕವೂ ಉಂಟು, ಹಳೆಯದು. 1974ರಲ್ಲಿ ಡುವೇನ್ ಡೆನ್‌ಫೆಲ್ಡ್ ಎಂಬವರು ಅಮೆರಿಕದ ಮದುವೆ ಸಲಹೆಗಾರರನ್ನು ಕೇಳಿ, ಸ್ವಿಂಗಿಂಗ್ ಬಿಟ್ಟುಬಂದ ಜೋಡಿಗಳ ಕಾರಣಗಳನ್ನು ಒಟ್ಟು ಮಾಡಿದರು. ಮೊದಲ ಕಾರಣ ಹೊಟ್ಟೆಕಿಚ್ಚು. ತಪ್ಪಿತಸ್ಥ ಭಾವನೆ ಮತ್ತು ಮದುವೆಗೇ ಅಪಾಯ ಅನ್ನುವ ಹೆದರಿಕೆ ಅದರ ಹಿಂದೆ. ನಾನು ಎರಡೆರಡು ಸಲ ಓದಿದ ವಿಷಯ ಇನ್ನೊಂದು: ಸಾಕು ಅಂತ ಹೊರಗೆ ಎಳೆದವರಲ್ಲಿ ಗಂಡಂದಿರಿಗಿಂತ ಹೆಂಡತಿಯರೇ ಜಾಸ್ತಿ. ಆದರೆ ಇದೂ ಓರೆ ಲೆಕ್ಕವೇ. ಸಲಹೆಗಾರರ ಹತ್ತಿರ ಹೋಗುವವರು ತೊಂದರೆಯಲ್ಲಿ ಇದ್ದವರು. ನನ್ನ ಕೋಣೆಗೆ ಬರುವವರನ್ನಷ್ಟೇ ನೋಡಿದರೆ ಮಂಗಳೂರಿನಲ್ಲಿ ಒಂದು ಸಂಸಾರವೂ ನೆಟ್ಟಗಿಲ್ಲ ಅನ್ನಬೇಕಾಗುತ್ತದೆ.

ನಿಮ್ಮ ಪ್ರಶ್ನೆಗೆ ಹತ್ತಿರದ ಉತ್ತರ ಸಿಗುವುದು ಅದೇ ಜೋಡಿಗಳನ್ನು ಕೆಲವು ವರ್ಷ ಬಿಟ್ಟು ಮತ್ತೆ ಹುಡುಕಿದಾಗ. ರೂಬಿನ್ ಮತ್ತು ಆಡಮ್ಸ್ 1986ರಲ್ಲಿ ಪ್ರಕಟಿಸಿದ್ದು ಇಂಥದೇ ಕೆಲಸ. ಹೊರಗಿನ ಸಂಬಂಧಕ್ಕೆ ಇಬ್ಬರೂ ಒಪ್ಪಿದ್ದ 34 ಜೋಡಿಗಳಲ್ಲಿ ಐದು ವರ್ಷದ ಮೇಲೆ 23 ಜೊತೆಗಿದ್ದವು. ಒಪ್ಪದ 39 ಜೋಡಿಗಳಲ್ಲಿ 32. ಅಂದರೆ ನೂರಕ್ಕೆ 68 ಮತ್ತು 82. ದೊಡ್ಡ ವ್ಯತ್ಯಾಸ ಅಂತ ಕಾಣುತ್ತದೆ, ಅಲ್ವಾ? ಆದರೆ ಇಷ್ಟು ಸಣ್ಣ ಗುಂಪಿನಲ್ಲಿ ಇದು ಆಕಸ್ಮಿಕವೂ ಇರಬಹುದು, ಖಚಿತ ವ್ಯತ್ಯಾಸ ಅನ್ನಲು ಆಗದು ಅನ್ನುವುದೇ ಅವರ ತೀರ್ಮಾನ. ಅಲ್ಲಿ ಇದ್ದವರೆಲ್ಲ ಅದಲುಬದಲಿನವರೂ ಅಲ್ಲ, ಬೇರೆ ರೀತಿಯ ಒಪ್ಪಂದದವರೂ ಇದ್ದರು. ಇನ್ನು ಎಲ್ಲವೂ ಅಮೆರಿಕದ ಕಥೆ. ಅಲ್ಲಿ ಮದುವೆ ಮುರಿದರೆ ಬಂಟ್ವಾಳದ ದೊಡ್ಡಮ್ಮ ಫೋನ್ ಮಾಡುವುದಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಎಷ್ಟು ವರ್ಷ ಬಾಳಿತು ಅನ್ನುವುದರಿಂದ ಮದುವೆ ಹೇಗಿತ್ತು ಅಂತ ಗೊತ್ತಾಗುವುದಿಲ್ಲ. ನಮ್ಮದು ಅಳಿಯಸಂತಾನ ಕಟ್ಟಿನ ಮನೆ. ಹೆಣ್ಣಿಗೆ ತಾಯಿಯ ಮನೆಯೇ ಸ್ವಂತ ಮನೆ, ಗದ್ದೆಯಲ್ಲಿ ಪಾಲು ಅಲ್ಲೇ. ಕಾಪು ಹತ್ತಿರದ ನಮ್ಮ ಅಜ್ಜಿ ಮೊದಲ ಗಂಡನನ್ನು ಬಿಟ್ಟು ಒಂದು ಟ್ರಂಕು ಹಿಡಿದು ವಾಪಸ್ ಬಂದಿದ್ದರು. ಯಾರೂ ಎದೆ ಬಡಿದುಕೊಳ್ಳಲಿಲ್ಲ. ಮುಂದಿನ ಸುಗ್ಗಿಗೆ ಅದೇ ಅಂಗಳದಲ್ಲಿ ಭತ್ತ ಅಳೆಯುತ್ತಿದ್ದರು. ಅವರ ಮಗಳು, ನನ್ನ ಅಮ್ಮ, 51 ವರ್ಷ ಸಂಸಾರ ಮಾಡಿದರು. ಇಬ್ಬರನ್ನೂ ಹತ್ತಿರದಿಂದ ಕಂಡವಳು ನಾನು. ಉದ್ದದಲ್ಲಿ ಅಮ್ಮನದೇ ಗೆದ್ದಿತು ಅಂತ ಮಾತ್ರ ಹೇಳಬಲ್ಲೆ.

ಇನ್ನು ನಿಮ್ಮ ಸ್ವಂತ ಲೆಕ್ಕ. ಇದಕ್ಕೆ ಎರಡು ಹಾಳೆ, ಎರಡು ಪೆನ್ನು, ಅರ್ಧ ಗಂಟೆ ಸಾಕು. ಬೇರೆ ಬೇರೆ ಕೋಣೆಯಲ್ಲಿ ಕೂತು ಬರೆಯಿರಿ. ವಾಟ್ಸಾಪ್‌ನಲ್ಲಿ ಬೇಡ, ಕೈಯಲ್ಲಿ ಬರೆಯಿರಿ. ಮೊದಲು ಈ ಮಾತು ಎತ್ತಿದವರು ಯಾರು, ಎಷ್ಟು ಸಲ ಎತ್ತಿದರು? ನಾನು 'ಬೇಡ' ಅಂದರೆ ಮರುದಿನ ನಮ್ಮ ಮನೆಯಲ್ಲಿ ಏನಾಗುತ್ತದೆ? ಅಲ್ಲಿಗೆ ಹೋದ ಮೇಲೆ ಅರ್ಧದಲ್ಲಿ ಎದ್ದು ಬರಬೇಕು ಅನಿಸಿದರೆ ಬರಲಿಕ್ಕೆ ಆಗುತ್ತದಾ? ನನ್ನ ಬದಲು ಅವಳು ಅಥವಾ ಅವನು ಬೇರೆಯವರ ಜೊತೆ ನಗುತ್ತಿರುವುದನ್ನು ನೋಡಿದರೆ ನನ್ನ ಹೊಟ್ಟೆಯಲ್ಲಿ ಏನಾಗುತ್ತದೆ? ಇವಿಷ್ಟೇ. ಎರಡನೆಯದಕ್ಕೆ ಹತ್ತು ನಿಮಿಷ ಜಾಸ್ತಿ ಕೊಡಿ.

ಒಂದು ಜೋಡಿಯ ನೆನಪು ಹೇಳುತ್ತೇನೆ. ಗುರುತು ಸಿಗುವಂಥದ್ದೆಲ್ಲ ಬದಲಿಸಿದ್ದೇನೆ. ಮದುವೆಯಾಗಿ ಹನ್ನೊಂದು ವರ್ಷ, ಒಬ್ಬ ಮಗ. ಜುಲೈ ತಿಂಗಳು, ಹೊರಗೆ ಧೋ ಮಳೆ. ಅವನು ಬಂದ ಕೂಡಲೇ ಮಾತು ಶುರು ಮಾಡಿದ, ಇಪ್ಪತ್ತು ನಿಮಿಷ ನಿಲ್ಲಿಸಲಿಲ್ಲ. "ನಮ್ಮಿಬ್ಬರಿಗೂ ಇಷ್ಟ ಉಂಟು ಮೇಡಂ, ಇವಳೂ ಒಪ್ಪಿದ್ದಾಳೆ." ಅವಳು ಬಸ್ಸಿನ ಟಿಕೆಟನ್ನು ಮಡಚುತ್ತಾ ಕೂತಿದ್ದಳು. ಮಡಚಿ ಮಡಚಿ ಅದು ಅಕ್ಕಿ ಕಾಳಿನಷ್ಟಾಗಿತ್ತು. ನಾನು ಅವನನ್ನು ಮೇಲೆ ನಮ್ಮವರ ಜೊತೆ ಚಹಾ ಕುಡಿಯಲು ಕಳಿಸಿದೆ. ಅವನ ಹಾಳೆಯಲ್ಲಿ ಎರಡನೇ ಪ್ರಶ್ನೆಗೆ ಉತ್ತರ: 'ಏನೂ ಆಗುವುದಿಲ್ಲ'. ಅವಳ ಹಾಳೆಯಲ್ಲಿ: 'ಎಂಟು ದಿನ ಮಾತಾಡುವುದಿಲ್ಲ. ಮಗನ ಹತ್ತಿರ ಹೇಳಿ ಕಳಿಸುತ್ತಾರೆ. ಚಹಾ ಅವರೇ ಮಾಡಿಕೊಳ್ಳುತ್ತಾರೆ.'

ಎರಡೂ ಹಾಳೆ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆ. ಅವನು ನಿಜಕ್ಕೂ ಬೆಚ್ಚಿಬಿದ್ದ. ಎಂಟು ದಿನ ಅಂತ ಅವನಿಗೆ ಗೊತ್ತೇ ಇರಲಿಲ್ಲ. ಅವಳು ಎಣಿಸಿಟ್ಟಿದ್ದಳು.

'ಬೇಡ' ಅನ್ನಲು ಬೆಲೆ ಕೊಡಬೇಕಾದ ಮನೆಯಲ್ಲಿ 'ಸರಿ' ಅನ್ನುವುದನ್ನು ನಾನು ಒಪ್ಪಿಗೆ ಅಂತ ಬರೆದುಕೊಳ್ಳುವುದಿಲ್ಲ. ಅದಕ್ಕೇ ನನ್ನ ಮುಂದಿನ ಸಲಹೆ ಮೂರು ತಿಂಗಳ ಪರೀಕ್ಷೆ. ಈ ಮೂರು ತಿಂಗಳು ಆ ವಿಷಯ ಎತ್ತುವಂತಿಲ್ಲ. ಅದರ ಬದಲು ಸಣ್ಣ ಸಣ್ಣದಕ್ಕೆ 'ಬೇಡ' ಹೇಳಿ ನೋಡಿ. ಭಾನುವಾರ ನಿಮ್ಮಕ್ಕನ ಮನೆಗೆ ಬರುವುದಿಲ್ಲ. ಇವತ್ತು ಬಂಗುಡೆ ತೊಳೆಯುವುದಿಲ್ಲ, ಬೇಕಾದರೆ ನೀವೇ ತೊಳೆಯಿರಿ. ಇವತ್ತು ಮೈ ಮುಟ್ಟಬೇಡಿ. ಮರುದಿನ ಮುಖ ಹೇಗಿರುತ್ತದೆ ಅಂತ ನೋಡಿ, ಸಿಟ್ಟು ಮಾಡಿದರೆ, ಮಾತು ಬಿಟ್ಟರೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಬಂಗುಡೆಗೇ ಎರಡು ದಿನ ಸಿಟ್ಟು ಮಾಡುವವರು ಅಲ್ಲಿ ಅರ್ಧ ರಾತ್ರಿಯಲ್ಲಿ 'ಮನೆಗೆ ಹೋಗುವ' ಅಂದರೆ ಕಾರು ತಿರುಗಿಸುತ್ತಾರಾ? ಹೆದರಿಸಿ, ಹೊಡೆದು ಒಪ್ಪಿಸುವುದಾದರೆ ಈ ಪರೀಕ್ಷೆಯೂ ಬೇಡ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ.

ಮೂರು ತಿಂಗಳ ಮೇಲೂ ಇಬ್ಬರಿಗೂ ಮನಸ್ಸಿದ್ದರೆ, ಆಮೇಲಿನ ಸಂಗತಿಗಳು ಬೇಗ ಮುಗಿಯುತ್ತವೆ.

ಆರೋಗ್ಯದ್ದು: ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ (ಸಲಹೆ ಮತ್ತು ಪರೀಕ್ಷೆಯ) ಕೇಂದ್ರದಲ್ಲಿ ಎಚ್‌ಐವಿ ಪರೀಕ್ಷೆ ಉಚಿತ, ಗುಟ್ಟಾಗಿಯೂ ಇಡುತ್ತಾರೆ. ಮಂಗಳೂರಿನವರಿಗೆ ವೆನ್‌ಲಾಕ್ ಆಸ್ಪತ್ರೆ ಉಂಟು. ಮಾಹಿತಿ ಬೇಕಿದ್ದರೆ ಎಚ್‌ಐವಿ ಸಹಾಯವಾಣಿ 1097. ಸೋಂಕು ತಗುಲಿದ ಮರುದಿನವೇ ಪರೀಕ್ಷೆಯಲ್ಲಿ ಕಾಣುವುದಿಲ್ಲ, ಕೆಲವು ವಾರ ಬೇಕು. ಹಾಗಾಗಿ ನಿನ್ನೆಯ ರಿಪೋರ್ಟ್ ತೋರಿಸಿದರು ಅಂತ ನೆಚ್ಚಿಕೊಳ್ಳಬೇಡಿ. ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್, ಮುಗಿಯಲು ಆರು ತಿಂಗಳು. ಕಾಂಡೋಮ್ ಬೇಕೇ ಬೇಕು, ಆದರೂ ಎಚ್‌ಪಿವಿ, ಹರ್ಪಿಸ್‌ನಂಥ ವೈರಸ್‌ಗಳು ಚರ್ಮದಿಂದ ಚರ್ಮಕ್ಕೆ ದಾಟುತ್ತವೆ.

ಕಾನೂನು ಸ್ವಲ್ಪ ತಮಾಷೆಯಾಗಿದೆ. 2018ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟ್ ಐಪಿಸಿ 497ನೇ ಕಲಮನ್ನು ರದ್ದು ಮಾಡಿತು. ಹಾಗಾಗಿ ವ್ಯಭಿಚಾರ ಈಗ ಅಪರಾಧ ಅಲ್ಲ, ಆದರೆ ವಿಚ್ಛೇದನಕ್ಕೆ ಕಾರಣ ಹೌದು. ಇಲ್ಲೊಂದು ಗಂಟುಂಟು. 1955ರ ಹಿಂದೂ ವಿವಾಹ ಕಾಯ್ದೆಯ 23ನೇ ಕಲಂ ಪ್ರಕಾರ, ಆ ಕೆಲಸಕ್ಕೆ ನೀವೇ ಕೈಜೋಡಿಸಿದ್ದರೆ ಅಥವಾ ಕ್ಷಮಿಸಿದ್ದರೆ, ಅದೇ ಕಾರಣ ಹೇಳಿ ವಿಚ್ಛೇದನ ಪಡೆಯಲು ಬರುವುದಿಲ್ಲ. ಪರಸ್ಪರ ಒಪ್ಪಿಗೆಯ ದಾರಿ ಬೇರೆ, ಅದು ಉಂಟು. ಇನ್ನು ಸ್ಟಾಂಪ್ ಪೇಪರಿನಲ್ಲಿ ಕರಾರು ಬರೆಸುವ ಅಂತ ಒಬ್ಬರು ಬಂದಿದ್ದರು. ಬರೆದು ಸಹಿ ಹಾಕಿದ ಮಾತ್ರಕ್ಕೆ ಮೈ ಮೇಲಿನ ಹಕ್ಕು ಹೋಗುವುದಿಲ್ಲ ಮಾರಾಯ್ರೆ, ಆ ಕ್ಷಣಕ್ಕೆ ಬೇಡ ಅಂದರೆ ಬೇಡವೇ.

ಗುಟ್ಟಿನ ವಿಷಯ. ಮಂಗಳೂರು ದೊಡ್ಡ ಊರು ಅಂತ ನಾವು ಅಂದುಕೊಂಡಿದ್ದೇವೆ. ಹಂಪನಕಟ್ಟೆಯಲ್ಲಿ ಸೀನಿದರೆ ಉಡುಪಿಯಲ್ಲಿ ಚಿರಂಜೀವಿ ಅನ್ನುವವರುಂಟು. ಗೋವಾಕ್ಕೆ ಹೋದರೂ ಪಾರ್ಕಿಂಗ್‌ನಲ್ಲಿ ಉಡುಪಿಯ ಕೆಎ 20 ಕಾರು ಎದುರಾಗುತ್ತದೆ. ಫೋಟೋ, ವಿಡಿಯೋ ಬೇಡವೇ ಬೇಡ. ಒಪ್ಪಿಗೆ ಇಲ್ಲದೆ ಖಾಸಗಿ ಅಂಗದ ಫೋಟೋ ತೆಗೆದರೆ, ಹಂಚಿದರೆ ಐಟಿ ಕಾಯ್ದೆಯ 66ಇ ಕಲಂ ಪ್ರಕಾರ ಮೂರು ವರ್ಷದವರೆಗೆ ಜೈಲು ಉಂಟು ನಿಜ. ಆದರೆ ಕೇಸು ಹಾಕಿದ ಮೇಲೂ ಫೋಟೋ ತಿರುಗುತ್ತಲೇ ಇರುತ್ತದೆ. ಆ್ಯಪ್‌ಗಳಲ್ಲಿ 'ಜೋಡಿ' ಅಂತ ಕಾಣುವ ಖಾತೆಯ ಹಿಂದೆ ಒಬ್ಬನೇ ಗಂಡಸು ಕೂತಿರುವುದುಂಟು. ನನ್ನ ಹತ್ತಿರ ಬಂದವರೊಬ್ಬರು ಎಂಥದೋ ಕ್ಲಬ್ಬಿನ ಸದಸ್ಯತ್ವ ಅಂತ 8,000 ರೂಪಾಯಿ ಕಳಿಸಿ, ಆಮೇಲೆ 'ನಿಮ್ಮ ಆಫೀಸಿಗೆ ಫೋಟೋ ಕಳಿಸುತ್ತೇವೆ' ಅಂತ ಇನ್ನೂ 40,000 ಕಳೆದುಕೊಂಡರು. ನಾಚಿಕೆಯಿಂದ ಮೂರು ವಾರ ಸುಮ್ನೆ ಕೂತಿದ್ದರು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಆ ದಿನವೇ ಹೇಳಿದ್ದರೆ ದುಡ್ಡು ತಡೆಹಿಡಿಯಲು ಆಗುತ್ತಿತ್ತೋ ಏನೋ.

ಕೊನೆಯದಾಗಿ, ಮರುಪರಿಶೀಲನೆಯ ದಿನ ಮೊದಲೇ ಗೊತ್ತು ಮಾಡಿ. ಸಾಲದ ಖಾತೆ ನಾವು ಹೀಗೇ ನೋಡುತ್ತಿದ್ದೆವು. ಆ ದಿನ ಮತ್ತೆ ಎರಡು ಹಾಳೆ, ಅದೇ ನಾಲ್ಕು ಪ್ರಶ್ನೆ. ಹಳೆಯ ಹಾಳೆಗಳನ್ನು ಇಟ್ಟುಕೊಂಡಿರಿ, ಪಕ್ಕದಲ್ಲಿಟ್ಟು ಓದಿ.

ಆ ಟಿಕೆಟ್ ಮಡಚಿದ ಹುಡುಗಿ ದೀಪಾವಳಿ ಕಳೆದು ಒಬ್ಬಳೇ ಬಂದಿದ್ದಳು. ಕೈಯಲ್ಲಿ ಕ್ಯಾಲೆಂಡರಿನ ಮೂರು ಹಾಳೆ. ಆಗಸ್ಟ್‌ನಲ್ಲಿ ಆರು ಗುರುತು, ಸೆಪ್ಟೆಂಬರ್‌ನಲ್ಲಿ ನಾಲ್ಕು, ಅಕ್ಟೋಬರ್‌ನಲ್ಲಿ ಒಂದು. ಆ ಒಂದು ಯಾವುದಕ್ಕೆ ಅಂತ ಕೇಳಿದೆ. "ಅದು ಅವರದ್ದಲ್ಲ, ನನ್ನದು," ಅಂದಳು. "ಅವರು ಬೇಡ ಅಂದದ್ದಕ್ಕೆ ನಾನು ಮಾತು ಬಿಟ್ಟದ್ದು."