ಗ್ರಾಂಪ್ಸ್‌ನಲ್ಲಿ ಫೋಟೋಗಳು ಕಾಣೆಯಾದರೆ

ಹೊಸ ಕಂಪ್ಯೂಟರಿಗೆ ಹೋದ ಮೇಲೆ, ಮನೆತನದ ವಿವರ ಬರೆದಿಡುವ ಗ್ರಾಂಪ್ಸ್ ಎಂಬ ಸಾಫ್ಟ್‌ವೇರಿನ ವಂಶವೃಕ್ಷದಲ್ಲಿ ಫೋಟೋ ಕಾಣುತ್ತಿಲ್ಲವಾ? ಒಂದೊಂದೇ ಮತ್ತೆ ಸೇರಿಸಬೇಡಿ. ಬ್ಯಾಕಪ್ ತೆಗೆದುಕೊಂಡು, ಟೂಲ್ಸ್ ಮೆನುವಿನ ಯುಟಿಲಿಟೀಸ್‌ನಲ್ಲಿ ಮೀಡಿಯಾ ಮ್ಯಾನೇಜರ್ ತೆರೆಯಿರಿ. ‘ರಿಪ್ಲೇಸ್ ಸಬ್‌ಸ್ಟ್ರಿಂಗ್ಸ್’ ಆಯ್ಕೆಯಲ್ಲಿ ಹಳೆ ಫೋಲ್ಡರ್ ದಾರಿಯ ಜಾಗಕ್ಕೆ ಹೊಸದನ್ನು ಹಾಕಿ. ‘ಡಿ’ ಡ್ರೈವಿನ ‘ಮಧುಗಿರಿ ಅಜ್ಜಿ ಮನೆ’ ಫೋಲ್ಡರ್ ಈಗ ‘ಇ’ ಡ್ರೈವಿನಲ್ಲಿದ್ದರೆ ಅಷ್ಟನ್ನೇ ಬದಲಿಸಿದರೆ ಸಾಕು, ಅದರೊಳಗಿನ ಫೋಟೋಗಳೆಲ್ಲ ಒಟ್ಟಿಗೆ ಸರಿಹೋಗುತ್ತವೆ. ಗ್ರಾಂಪ್ಸ್ ಫೋಟೋವನ್ನು ತನ್ನೊಳಗೆ ಇಟ್ಟುಕೊಳ್ಳುವುದಿಲ್ಲ, ಅದು ಎಲ್ಲಿದೆ ಅನ್ನೋದನ್ನು ಮಾತ್ರ ಬರೆದುಕೊಂಡಿರುತ್ತದೆ, ಅದಕ್ಕೇ. ಫೈಲಿನ ಹೆಸರೇ ಬದಲಾಗಿದ್ದರೆ ಇದು ನಡೆಯುವುದಿಲ್ಲ. ವಾಟ್ಸಾಪ್‌ನಿಂದ ಮತ್ತೆ ಇಳಿಸಿಕೊಂಡ ಪ್ರತಿಗಳಲ್ಲಿ ಈ ತೊಂದರೆ ಜಾಸ್ತಿ. ಅಂಥವನ್ನು ಕೈಯಾರೆ ಹುಡುಕಿ ಜೋಡಿಸಬೇಕು. ಶಿರಾ, ಕುಣಿಗಲ್ ಕಡೆಯ ನೆಂಟರಿಗೆ ವಂಶವೃಕ್ಷವನ್ನು ಪೆನ್‌ಡ್ರೈವಿನಲ್ಲಿ ಕೊಡುವವರು ದಯವಿಟ್ಟು ಫೋಟೋ ಫೋಲ್ಡರನ್ನೂ ಹೆಸರು ಬದಲಿಸದೆ ಹಾಗೇ ಕೊಡಿ.