ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್: ಜೋಡಿಸುವ ಮುನ್ನ ಕೇಬಲ್ ನೋಡಿ

ಒಂದೇ ಹಾರ್ಡ್ ಡಿಸ್ಕಿಗೆ 100 ಜಿಬಿಯಷ್ಟು ವಿಡಿಯೊ ತುಂಬಲು ಒಂದು ಕಂಪ್ಯೂಟರಿನಲ್ಲಿ ಕಾಲು ಗಂಟೆ ಸಾಕಾದರೆ, ಇನ್ನೊಂದರಲ್ಲಿ ಮುಕ್ಕಾಲು ಗಂಟೆ ಹಿಡಿಯುವುದುಂಟು. ದೋಷ ಹಲವು ಬಾರಿ ಡಿಸ್ಕಿನದಲ್ಲ. ಕೇಬಲ್ ಮತ್ತು ಪೋರ್ಟಿನದು.

ಮೊದಲು ಡಿಸ್ಕಿನ ಪೋರ್ಟನ್ನು ಗಮನಿಸಿ. 2.5 ಇಂಚಿನ ಬಹಳಷ್ಟು ಡಿಸ್ಕುಗಳಲ್ಲಿ ಎರಡು ಭಾಗವಾಗಿ ಕಾಣುವ, ಅಗಲವಾದ ಚಪ್ಪಟೆ ಕಿಂಡಿಯಿರುತ್ತದೆ; ಅದೇ ಯುಎಸ್‌ಬಿ 3.0 ಮೈಕ್ರೊ-ಬಿ. ಅದರ ದೊಡ್ಡ ಭಾಗಕ್ಕೆ ಹಳೆಯ ಮೊಬೈಲಿನ ಮೈಕ್ರೊ ಯುಎಸ್‌ಬಿ ಕೇಬಲ್ ಕೂಡ ಹಿಡಿಸುತ್ತದೆಯಾದರೂ, ಆಗ ಸಂಪರ್ಕವು ಸೆಕೆಂಡಿಗೆ 5 ಗಿಗಾಬಿಟ್‌ನಿಂದ 480 ಮೆಗಾಬಿಟ್‌ಗೆ, ಅಂದರೆ ಯುಎಸ್‌ಬಿ 2.0ರ ಮಟ್ಟಕ್ಕೆ ಇಳಿಯುತ್ತದೆ. ಟೈಪ್-ಸಿ ಕೇಬಲ್‌ಗಳಲ್ಲೂ ಇದೇ ತೊಡಕಿದೆ: ಫೋನಿನ ಜೊತೆ ಬಂದ ಎಷ್ಟೋ ಕೇಬಲ್‌ಗಳು 2.0ರ ವೇಗದವು. ಡಿಸ್ಕಿನೊಂದಿಗೆ ಬಂದ ಕೇಬಲನ್ನೇ ಜೋಪಾನವಾಗಿಟ್ಟು ಬಳಸಿ.

ಕಂಪ್ಯೂಟರಿನಲ್ಲಿ ಒಳಭಾಗ ನೀಲಿಯಾಗಿರುವ ಅಥವಾ ‘ಎಸ್‌ಎಸ್’ (ಸೂಪರ್‌ಸ್ಪೀಡ್) ಗುರುತಿರುವ ಪೋರ್ಟನ್ನು ಹುಡುಕಿ; ಅದೇ ವೇಗದ ಯುಎಸ್‌ಬಿ 3.0. ಎಲ್ಲ ತಯಾರಕರೂ ನೀಲಿ ಬಣ್ಣ ಬಳಸುವುದಿಲ್ಲ. ಟೈಪ್-ಸಿ ಆಕಾರದ ಥಂಡರ್‌ಬೋಲ್ಟ್ 3 ಪೋರ್ಟು ಸೆಕೆಂಡಿಗೆ 40 ಗಿಗಾಬಿಟ್‌ವರೆಗೆ ಸಾಗಿಸಬಲ್ಲದು. ಆದರೆ ತಿರುಗುವ ತಟ್ಟೆಯ ಡಿಸ್ಕಿಗೆ ಅಷ್ಟು ಬೇಕಿಲ್ಲ, ಅದರ ಲಾಭವೇನಿದ್ದರೂ ತಿರುಗುವ ಭಾಗಗಳಿಲ್ಲದ, ಚಿಪ್‌ಗಳಲ್ಲಿ ದತ್ತಾಂಶ ಇಡುವ ಎಸ್‌ಎಸ್‌ಡಿಗೆ. ಹಳೆಯ ಇ-ಸಾಟಾ ಪೋರ್ಟು ದತ್ತಾಂಶವನ್ನಷ್ಟೇ ಸಾಗಿಸುತ್ತದೆ, ವಿದ್ಯುತ್ತಿಗೆ ಬೇರೆ ತಂತಿ ಬೇಕು.

ವಿದ್ಯುತ್ತಿನ ವಿಚಾರವನ್ನು ಹಗುರವಾಗಿ ಕಾಣಬಾರದು. 3.5 ಇಂಚಿನ ಡಿಸ್ಕಿಗೆ 12 ವೋಲ್ಟ್ ಬೇಕಾಗುವುದರಿಂದ, ಅದರ ಅಡಾಪ್ಟರನ್ನು ಮೊದಲು ಜೋಡಿಸಿ, ನಂತರ ಯುಎಸ್‌ಬಿ ಕೇಬಲ್ ಹಾಕಿ. ಚಿಕ್ಕ ಡಿಸ್ಕುಗಳು ಪೋರ್ಟಿನಿಂದಲೇ ವಿದ್ಯುತ್ ಪಡೆಯುತ್ತವೆ: ಯುಎಸ್‌ಬಿ 2.0 ಪೋರ್ಟಿನ ಮಿತಿ 500 ಮಿಲಿಆಂಪಿಯರ್, 3.0ರದ್ದು 900. ಅಡಾಪ್ಟರಿಲ್ಲದ ಹಬ್‌ಗೆ (ಒಂದು ಪೋರ್ಟನ್ನು ಹಲವಾಗಿಸುವ ಸಾಧನಕ್ಕೆ) ಸಿಕ್ಕಿಸಿದ ಡಿಸ್ಕು ‘ಟಿಕ್ ಟಿಕ್’ ಎನ್ನುತ್ತಾ ಕಾಣಿಸದೇ ಹೋದರೆ, ತಡಮಾಡದೆ ತೆಗೆದು ನೇರವಾಗಿ ಕಂಪ್ಯೂಟರಿಗೆ ಜೋಡಿಸಿ. ಡೆಸ್ಕ್‌ಟಾಪ್ ಆದರೆ ಹಿಂಬದಿಯ ಪೋರ್ಟು ಉತ್ತಮ. ಆಮೇಲೂ ಆ ಸದ್ದು ನಿಲ್ಲದಿದ್ದರೆ ಡಿಸ್ಕೇ ಕೆಟ್ಟಿರಬಹುದು. ಮತ್ತೆ ಮತ್ತೆ ಪ್ರಯತ್ನಿಸಬೇಡಿ.

ಹೊಸ ಡಿಸ್ಕು ವಿಂಡೋಸ್‌ನಲ್ಲಿ ಕಾಣದಿದ್ದರೆ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆದು ಇನಿಶಿಯಲೈಸ್ ಮಾಡಿ, ಅಂದರೆ ಬಳಕೆಗೆ ಅಣಿಗೊಳಿಸಿ. 2 ಟಿಬಿಗಿಂತ ದೊಡ್ಡದಾದರೆ ಡಿಸ್ಕನ್ನು ವಿಭಾಗಿಸುವ ಪದ್ಧತಿಯಾಗಿ ಜಿಪಿಟಿಯನ್ನೇ ಆರಿಸಿ. ಮ್ಯಾಕ್‌ನಲ್ಲೂ ಬಳಸುವುದಿದ್ದರೆ ಎರಡೂ ಕಡೆ ಓದಿ ಬರೆಯಬಲ್ಲ ಎಕ್ಸ್‌ಫ್ಯಾಟ್ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿ. ಕಡತಗಳಿರುವ ಹಳೆಯ ಡಿಸ್ಕನ್ನು ಜೋಡಿಸಿದಾಗ ‘ಫಾರ್ಮ್ಯಾಟ್ ಮಾಡಬೇಕೇ’ ಎಂಬ ಪ್ರಶ್ನೆ ಬಂದರೆ ಮಾತ್ರ ಒಪ್ಪಿಗೆ ಕೊಡಲೇಬೇಡಿ, ಕೊಟ್ಟರೆ ಕಡತಗಳು ಅಳಿಸಿಹೋಗುತ್ತವೆ.

ಕೆಲಸ ಮುಗಿದ ಮೇಲೆ ‘ಇಜೆಕ್ಟ್’ ಒತ್ತಿ, ಅನುಮತಿ ಬಂದ ನಂತರ ಕೇಬಲ್ ಕಳಚಿ. ಒಳಗಿನ ತಟ್ಟೆಗಳು ನಿಲ್ಲಲು ಇನ್ನೂ ಕೆಲವು ಸೆಕೆಂಡು ಬೇಕು. ಕಂಪನ ಅಡಗುವವರೆಗೆ ಡಿಸ್ಕನ್ನು ಮೇಜಿನ ಮೇಲೆಯೇ ಬಿಡಿ.