1/5 ಪೆಟ್ರೋಲ್ ಆರ್‌ಸಿ ಬಗ್ಗಿಯ ಟ್ರಾನ್ಸ್‌ಮಿಷನ್ ಗಟ್ಟಿ ಮಾಡುವುದು ಹೇಗೆ

ರೇಡಿಯೊ ರಿಮೋಟಿನಿಂದ ಓಡುವ (ಆರ್‌ಸಿ), ನಿಜ ಗಾಡಿಯ ಐದನೇ ಒಂದು ಅಳತೆಯ ಪೆಟ್ರೋಲ್ ಬಗ್ಗಿಗೆ ದೊಡ್ಡ ಎಂಜಿನ್ ಕೂರಿಸಿದವರು ಸ್ವಲ್ಪ ದಿನದಲ್ಲೇ ಗೇರು, ಬೇರಿಂಗ್ ಹುಡುಕಿಕೊಂಡು ಅಲೆಯುತ್ತಿರುತ್ತಾರೆ. 2006ರಲ್ಲಿ ಬಂದ ಎಚ್‌ಪಿಐ ಬಾಹಾ 5ಬಿ ಮೂಲತಃ 23 ಸಿಸಿ ಎಂಜಿನ್ನಿಗೆ ಮಾಡಿದ ಗಾಡಿ. ಈಗ ಅದಕ್ಕೂ, ಅದೇ ಅಚ್ಚಿನ ರೋವನ್, ಕಿಂಗ್ ಮೋಟರ್ ಬಗ್ಗಿಗಳಿಗೂ 29, 30.5 ಸಿಸಿ ಎಂಜಿನ್ ಹಾಕುತ್ತಾರೆ. ಜೆನೋವಾ ಜಿ320 ಆದರೆ 31.8 ಸಿಸಿ. ಎಂಜಿನ್ ಬೆಳೆಯಿತು, ಅದರ ಹಿಂದಿನ ಹಲ್ಲುಗಳು ಮಾತ್ರ ಹಾಗೇ ಉಳಿದವು.

ಕೈ ಹಾಕುವ ಮೊದಲು ಒಂದು ಲೆಕ್ಕ ಮನಸ್ಸಿನಲ್ಲಿರಲಿ. ಎಂಜಿನ್ನಿನ ಬಲ ಕ್ಲಚ್, ಬೆಲ್ (ಕ್ಲಚ್ ಹಿಡಿಯುವ ಬಟ್ಟಲು), ಪಿನಿಯನ್ (ಸಣ್ಣ ಗೇರು), ಸ್ಪರ್ ಗೇರ್ (ಅದು ತಿರುಗಿಸುವ ದೊಡ್ಡ ಗೇರು), ಗೇರ್‌ಬಾಕ್ಸ್ ಶಾಫ್ಟ್, ಡಿಫ್ (ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಡಿಫರೆನ್ಷಿಯಲ್), ಔಟ್‌ಡ್ರೈವ್ (ಡಿಫ್‌ನಿಂದ ಹೊರಬರುವ ಬಟ್ಟಲಿನಂಥ ತುದಿ), ಡಾಗ್‌ಬೋನ್ (ಅಲ್ಲಿಂದ ಚಕ್ರಕ್ಕೆ ಬಲ ಒಯ್ಯುವ ಸರಳು) ದಾಟಿ ಚಕ್ರಕ್ಕೆ ಹೋಗುತ್ತದೆ. ಈ ಸಾಲಿನಲ್ಲಿ ಒಂದನ್ನು ಗಟ್ಟಿ ಮಾಡಿದರೆ ಪೆಟ್ಟು ಮುಂದಿನದರ ಮೇಲೆ ಬೀಳುತ್ತದೆ. ಎಲ್ಲವನ್ನೂ ಉಕ್ಕು ಮಾಡಿದರೆ ಕೊನೆಗೆ ಗೇರ್‌ಬಾಕ್ಸ್ ಮನೆಯೇ ಸೀಳುತ್ತದೆ. ಆದ್ದರಿಂದ ಯಾವುದು ಮುರಿಯಬೇಕು ಎಂದು ನೀವೇ ತೀರ್ಮಾನಿಸಿ. ನಮ್ಮ ಮತ ಡಾಗ್‌ಬೋನ್ ಕಡೆಗೆ: ಬೆಲೆ ಕಡಿಮೆ, ಗೇರ್‌ಬಾಕ್ಸ್ ಬಿಚ್ಚದೆ ಹೊರಗಿನಿಂದಲೇ ಬದಲಿಸಬಹುದು. ಅದನ್ನು ಮಾಮೂಲಿಯದೇ ಬಿಟ್ಟು ಉಳಿದದ್ದನ್ನು ಬಲಪಡಿಸಿ.

ಬಿಚ್ಚುವುದು

ಟ್ಯಾಂಕ್ ಖಾಲಿ ಮಾಡಿ, ಪ್ಲಗ್ ಕ್ಯಾಪ್ ಕಳಚಿ. ಮಣ್ಣು ಪೂರ್ತಿ ಒಣಗಿದ ಮೇಲೆ ಬ್ರಷ್ಷಿನಿಂದ ಉದುರಿಸಿ, ಆಮೇಲೆ ಗಾಳಿ ಹೊಡೆಯಿರಿ. ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ನೀರು ಬೇಡವೇ ಬೇಡ. ಸೀಲ್ ದಾಟಿ ಬೇರಿಂಗ್ ಒಳಗೆ ಕೆಸರು ಹೊಕ್ಕರೆ ಹೊರತೆಗೆಯಲು ದಾರಿಯಿಲ್ಲ.

2, 2.5, 3, 4, 5 ಮಿ.ಮೀ. ಅಲೆನ್ ಕೀ, ಸರ್ಕ್ಲಿಪ್ ಪ್ಲೈಯರ್, ವರ್ನಿಯರ್, ಹೀಟ್ ಗನ್, ಒಂದು ಹಿತ್ತಾಳೆ ರಾಡ್ ಸಾಕು. ಅಲೆನ್ ಕೀ ಮಾತ್ರ ಒಳ್ಳೆಯದಿರಲಿ, ತುದಿ ಸವೆದ ಕೀ ಸ್ಕ್ರೂ ತಲೆಯನ್ನು ದುಂಡಗೆ ಮಾಡುತ್ತದೆ. ಕಂಪನಿಯಲ್ಲಿ ಹಚ್ಚಿದ ಕೆಂಪು ಥ್ರೆಡ್‌ಲಾಕ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಇದ್ದರೆ ಬಲ ಪ್ರಯೋಗಿಸಬೇಡಿ. ಸುಮಾರು 250 ಡಿಗ್ರಿವರೆಗೆ ಕಾಯಿಸಿದರೆ ಅದು ಮೆತ್ತಗಾಗುತ್ತದೆ, ಬಿಸಿ ಇರುವಾಗಲೇ ತಿರುಗಿಸಿ. ನೀಲಿ ಥ್ರೆಡ್‌ಲಾಕಿಗೆ ಕೈಬಲವೇ ಸಾಕು.

ಗೇರ್ ಕವರ್ ತೆಗೆದ ಕೂಡಲೇ ಹಲ್ಲು ನೋಡಿ. ನಡುವೆ ಹೊಳಪು ಬಂದಿದ್ದರೆ ಚಿಂತೆಯಿಲ್ಲ. ಹಲ್ಲಿನ ತುದಿ ಚಾಕುವಿನ ಅಂಚಿನಂತೆ ಚೂಪಾಗಿದ್ದರೆ ಅಥವಾ ಒಂದೇ ಕಡೆಗೆ ಕೊಕ್ಕೆಯಂತೆ ಬಾಗಿದ್ದರೆ ಪಿನಿಯನ್, ಸ್ಪರ್ ಎರಡನ್ನೂ ಜೋಡಿಯಾಗಿ ಬದಲಿಸಬೇಕು. ಹಳೆಯ ಪಿನಿಯನ್ ಉಳಿಸಿಕೊಂಡು ಹೊಸ ಸ್ಪರ್ ಹಾಕುವುದು ದುಡ್ಡು ದಂಡ, ಹಳೆಯ ಹಲ್ಲು ಹೊಸದನ್ನು ತನ್ನ ಆಕಾರಕ್ಕೇ ತಿಂದು ಹಾಕುತ್ತದೆ. ಹಲ್ಲಿನ ಅಗಲದಲ್ಲಿ ಒಂದು ಬದಿ ಮಾತ್ರ ಸವೆದು ಮೆಟ್ಟಿಲು ಕಂಡರೆ ದೋಷ ಗೇರಿನದಲ್ಲ. ಶಾಫ್ಟ್ ಓರೆಯಾಗಿದೆ ಅಥವಾ ಬೆಲ್ ಹಿಡಿದಿಡುವ ಕ್ಯಾರಿಯರಿನ ಬೇರಿಂಗ್ ಸಡಿಲಾಗಿದೆ.

ಯಾವ ಜೋಡಿ?

ಬಾಹಾ ಮಾದರಿಯಲ್ಲಿ ಸಿಗುವ ಪಿನಿಯನ್/ಸ್ಪರ್ ಜೋಡಿಗಳು, ಹಲ್ಲಿನ ಲೆಕ್ಕದಲ್ಲಿ, 16/58, 17/57, 18/56, 19/55, 20/54. ಪ್ರತಿ ಜೋಡಿಯ ಹಲ್ಲುಗಳ ಮೊತ್ತ 74. ಎರಡು ಶಾಫ್ಟಿನ ನಡುವಿನ ಅಂತರ ಬದಲಾಗದಿರಲೆಂದೇ ಹೀಗೆ. 18ರ ಪಿನಿಯನ್ನಿಗೆ 57ರ ಸ್ಪರ್ ಸೇರಿಸುವ ಜಾಣತನ ಮಾಡಿದರೆ ಹಲ್ಲು ಕಚ್ಚಿಕೊಂಡು ಬೇರಿಂಗ್ ಹೋಗುತ್ತದೆ.

ಕಂಪನಿಯಿಂದ ಬರುವ 17/57ರ ಅನುಪಾತ 3.35. ಅದರಿಂದ 19/55ಕ್ಕೆ ಹೋದರೆ 2.89, ಅದೇ ಎಂಜಿನ್ ವೇಗಕ್ಕೆ ಗಾಡಿ ಶೇ. 16ರಷ್ಟು ಹೆಚ್ಚು ಓಡುತ್ತದೆ, ಚಕ್ರಕ್ಕೆ ಸಿಗುವ ತಿರುಚು ಬಲ ಶೇ. 14ರಷ್ಟು ಇಳಿಯುತ್ತದೆ. 16/58ಕ್ಕೆ ಬಂದರೆ ಓಟ ಶೇ. 7-8 ಕಡಿಮೆ, ಎಳೆತ ಅಷ್ಟೇ ಹೆಚ್ಚು. ವಿಜಯಪುರ, ಬಾಗಲಕೋಟೆಯ ಎರೆ ಹೊಲದಲ್ಲಿ, ಜೋಳ ಕೊಯ್ದ ಕೂಳೆಯ ಮೇಲೆ ಓಡಿಸುವವರಿಗೆ 16/58 ಅಥವಾ 17/57 ಸರಿ. ಬೆಳಗಾವಿ ಕಡೆಯ ಗಟ್ಟಿ ಗರಸಿನ ಬಯಲಿಗೆ 29 ಸಿಸಿಯ ಮೇಲೆ 18/56 ಚೆನ್ನಾಗಿ ಎಳೆಯುತ್ತದೆ. 19/55 ಉದ್ದನೆಯ ಸಮತಟ್ಟು ಜಾಗಕ್ಕೆ. 23 ಸಿಸಿ ಎಂಜಿನ್ನಿಗೆ 20/54 ಹಾಕುವುದು ಕ್ಲಚ್ ಸುಡುವ ನೇರ ದಾರಿ.

ಒಟ್ಟು ಅನುಪಾತ ತಿಳಿಯಬೇಕಾದರೆ ಬೆಲ್ ಮೇಲೆ ಮಾರ್ಕರ್‌ನಿಂದ ಗೆರೆ ಎಳೆದು, ಹಿಂದಿನ ಎರಡೂ ಚಕ್ರವನ್ನು ಒಟ್ಟಿಗೆ ಒಂದು ಸುತ್ತು ತಿರುಗಿಸಿ ಬೆಲ್ ಎಷ್ಟು ಸುತ್ತಿತೆಂದು ಎಣಿಸಿ. ಒಂದೇ ಚಕ್ರ ತಿರುಗಿಸಿದರೆ ಡಿಫ್ ನಿಮಗೆ ಸುಳ್ಳು ಲೆಕ್ಕ ಕೊಡುತ್ತದೆ. ಉದಾಹರಣೆಗೆ 9 ಬಂತು ಅನ್ನಿ. 170 ಮಿ.ಮೀ. ವ್ಯಾಸದ ಟೈರಿನ ಸುತ್ತಳತೆ 0.534 ಮೀಟರ್. ಎಂಜಿನ್ 14,000 ಆರ್‌ಪಿಎಂನಲ್ಲಿದ್ದರೆ ಗಂಟೆಗೆ ಸುಮಾರು 50 ಕಿ.ಮೀ. ಜಾರಿಕೆ, ಗಾಳಿಯ ತಡೆ ಸೇರಿದರೆ ಅದಕ್ಕಿಂತ ಕಡಿಮೆಯೇ.

ಇಲ್ಲೇ ಗೇರು ಕಡಿಸುವವರಿಗೆ

ಬೆಳಗಾವಿಯಲ್ಲಿ ಇರುವವರಿಗೆ ಒಂದು ಅನುಕೂಲವುಂಟು: ಉದ್ಯಮಬಾಗ, ಮಚ್ಛೆ ಕಡೆ ಮಷಿನ್ ಶಾಪುಗಳಿಗೆ ಬರವಿಲ್ಲ. ಹೊರದೇಶದ ಬಿಡಿಭಾಗ ಬರುವವರೆಗೆ ಕಾಯುವ ಬದಲು ಗೇರನ್ನು ಇಲ್ಲೇ ಕಡಿಸಬಹುದು. ಆದರೆ ಒಂದೇ ಪೀಸಿಗೆ ಯಾರೂ ಮಷಿನ್ ಸೆಟ್ ಮಾಡುವುದಿಲ್ಲ. ನಾಲ್ಕೈದು ಜನ ಸೇರಿ ಹತ್ತು ಜೋಡಿ ಕೊಟ್ಟರೆ ಮಾತು ಮುಂದುವರಿಯುತ್ತದೆ.

ಮೊದಲು ಮಾಡ್ಯೂಲ್ (ಹಲ್ಲಿನ ಗಾತ್ರದ ಅಳತೆ) ತಿಳಿದುಕೊಳ್ಳಿ. ನೇರ ಹಲ್ಲಿನ ಗೇರಿನ ಹೊರವ್ಯಾಸವನ್ನು, ಹಲ್ಲಿನ ಸಂಖ್ಯೆಗೆ 2 ಕೂಡಿಸಿ ಬಂದದ್ದರಿಂದ ಭಾಗಿಸಿ. 57 ಹಲ್ಲಿನ ಗೇರಿನ ಹೊರವ್ಯಾಸ 88.5 ಮಿ.ಮೀ. ಇದ್ದರೆ 88.5 ÷ 59 = 1.5. ಸವೆದ ಗೇರನ್ನು ಅಳೆದರೆ ಉತ್ತರ ಕಡಿಮೆ ಬರುತ್ತದೆ, ಸಾಧ್ಯವಾದರೆ ಹೊಸದನ್ನೇ ಅಳೆಯಿರಿ. ಹೆಲಿಕಲ್ (ಓರೆ ಹಲ್ಲಿನ) ಗೇರಿಗೆ ಈ ಲೆಕ್ಕ ನಡೆಯದು. ಅವು ಸದ್ದು ಕಡಿಮೆ ಮಾಡುತ್ತವೆ ನಿಜ, ಆದರೆ ಶಾಫ್ಟನ್ನು ಪಕ್ಕಕ್ಕೂ ತಳ್ಳುವುದರಿಂದ ಬೇರಿಂಗಿಗೆ ಹೆಚ್ಚು ಕೆಲಸ.

ಉಕ್ಕಿನ ವಿಷಯದಲ್ಲಿ ಹೆಸರು ಹಿಡಿದೇ ಹೇಳಬೇಕು. "ಗಟ್ಟಿ ಮಟೀರಿಯಲ್ ಹಾಕ್ರಿ" ಅಂದರೆ ಇಎನ್8 ದರ್ಜೆಯ ಮಾಮೂಲಿ ಉಕ್ಕು ಸಿಗುತ್ತದೆ. ಪಿನಿಯನ್ನಿಗೆ ಅದು ಸಾಲದು. ಪಿನಿಯನ್ನಿಗೆ ಇಎನ್353 ಅಥವಾ 20ಎಂಎನ್‌ಸಿಆರ್5 ಕೇಳಿ, ಕೇಸ್ ಹಾರ್ಡನಿಂಗ್ (ಹೊರಪದರ ಮಾತ್ರ ಗಟ್ಟಿ ಮಾಡುವ ಕೆಲಸ) ಮಾಡಿಸಿ, ಮೇಲ್ಮೈ ಗಡಸುತನ ರಾಕ್‌ವೆಲ್ ಅಳತೆಯಲ್ಲಿ 58-60 ಎಚ್‌ಆರ್‌ಸಿ ಬರಲಿ. ಗಟ್ಟಿ ಪದರದ ಆಳ ಇಷ್ಟು ಸಣ್ಣ ಹಲ್ಲಿಗೆ 0.3 ಮಿ.ಮೀ. ಆಸುಪಾಸು ಸಾಕು. ದೊಡ್ಡ ಗೇರುಗಳ ಜೊತೆ ಅದೇ ಕುಲುಮೆಗೆ ಹಾಕಿ 1 ಮಿ.ಮೀ. ಆಳ ತೆಗೆದರೆ ಹಲ್ಲು ಮಧ್ಯದವರೆಗೆ ಗಟ್ಟಿಯಾಗಿ, ಮೊದಲ ಜಂಪಿಗೇ ಗಾಜಿನಂತೆ ಚಟ್ಟನೆ ಮುರಿಯುತ್ತದೆ. ಹೀಟ್ ಟ್ರೀಟ್‌ಮೆಂಟಿಗೆ ಕೊಡುವಾಗ ಈ ಅಂಕಿಯನ್ನು ಚೀಟಿಯಲ್ಲಿ ಬರೆದೇ ಕೊಡಿ. ಶಾಫ್ಟಿಗೆ ಇಎನ್24 ಒಳ್ಳೆಯದು.

ಡಿಫ್ ಕೇಸ್ ಅಥವಾ ಗೇರ್‌ಬಾಕ್ಸ್ ಮನೆಯನ್ನು ಅಲ್ಯೂಮಿನಿಯಂನಲ್ಲಿ ಮಾಡಿಸುವುದಾದರೆ 6061-ಟಿ6 ಕೇಳಿ, ಇನ್ನೂ ಗಟ್ಟಿ ಬೇಕಾದರೆ 7075-ಟಿ6. ಬೇರಿಂಗ್ ಕೂರುವ ರಂಧ್ರಕ್ಕೆ ಎಚ್7 ಎಂದು ಡ್ರಾಯಿಂಗಿನಲ್ಲಿ ಬರೆಸಿ. 18ರಿಂದ 30 ಮಿ.ಮೀ. ವ್ಯಾಸಕ್ಕೆ ಅದು ಸೊನ್ನೆಯಿಂದ 0.021 ಮಿ.ಮೀ.ವರೆಗಿನ ಸಡಿಲು. ಪ್ಲಾಸ್ಟಿಕ್ ಮನೆಯಲ್ಲಿ ಇದೇ ರಂಧ್ರ ಕಾಲಕ್ರಮೇಣ ಮೊಟ್ಟೆಯ ಆಕಾರಕ್ಕೆ ಬಂದು ಗೇರುಗಳು ದೂರ ಸರಿಯುತ್ತವೆ. ಅಲ್ಯೂಮಿನಿಯಂ ಮನೆಗೆ ಖರ್ಚು ಮಾಡಲು ಇದೊಂದೇ ಕಾರಣ ಸಾಕು. ಚಂದಕ್ಕಾಗಿ ಅಂದರೆ ಬೇಡ.

ಕ್ಲಚ್

ಈ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ 54 ಮಿ.ಮೀ. ಸೆಂಟ್ರಿಫ್ಯೂಗಲ್ ಕ್ಲಚ್ ಇರುತ್ತದೆ: ಎರಡು ಶೂ, ಒಂದು ಸ್ಪ್ರಿಂಗ್. ವೇಗ ಏರಿದಂತೆ ಶೂ ಹೊರಗೆ ಸರಿದು ಬೆಲ್ ಹಿಡಿಯುತ್ತವೆ. ಸ್ಪ್ರಿಂಗ್ ಮೇಲೆ 6,000 ಅಥವಾ 8,000 ಎಂದು ಮಾರುವ ಅಂಕಿ ಹಿಡಿತ ಶುರುವಾಗುವ ಆರ್‌ಪಿಎಂ. ದೊಡ್ಡ ಎಂಜಿನ್, ಎತ್ತರದ ಗೇರು ಇದ್ದಾಗ 8,000ದ ಸ್ಪ್ರಿಂಗ್ ಒಳ್ಳೆಯದು, ಎಂಜಿನ್ ತನ್ನ ಬಲ ಬಂದ ಮೇಲೆ ಹಿಡಿಯುವುದರಿಂದ ಅರೆಬರೆ ಜಾರಿಕೆ ಕಡಿಮೆ. ಎರೆ ಹೊಲದಲ್ಲಿ ನಿಧಾನಕ್ಕೆ ತೆವಳಿಸಿ ಓಡಿಸುವವರಿಗೆ ಅದು ತಪ್ಪು ಆಯ್ಕೆ. ಆ ವೇಗ ಮುಟ್ಟದೆ ಶೂ ಉಜ್ಜುತ್ತಲೇ ಇರುತ್ತವೆ. ಅಲ್ಲಿ 6,000 ಸಾಕು.

ಬೆಲ್ ಒಳಮೈ ನೀಲಿಗಟ್ಟಿದ್ದರೆ ಕ್ಲಚ್ ತುಂಬಾ ಜಾರಿದೆ ಎಂದರ್ಥ. ಬಿರುಕಿದೆಯೇ ನೋಡಿ, ಇದ್ದರೆ ಎಸೆಯಿರಿ. ಶೂ ಗಾಜಿನಂತೆ ಮಿನುಗುತ್ತಿದ್ದರೆ 120ರ ಎಮರಿ ಪೇಪರಿನಲ್ಲಿ ಹಗುರವಾಗಿ ಉಜ್ಜಿ. ಒಂದು ಶೂ ಮಾತ್ರ ಬದಲಿಸಬೇಡಿ, ತೂಕ ಬೇರೆಯಾಗಿ ನಡುಕ ಬರುತ್ತದೆ. ಬಿಚ್ಚುವ ಮೊದಲು ಶೂ ಯಾವ ದಿಕ್ಕಿಗೆ ಕೂತಿದೆ ಎಂದು ಫೋಟೊ ತೆಗೆದುಕೊಳ್ಳಿ, ಉಲ್ಟಾ ಹಾಕಿದರೆ ಹಿಡಿತದ ಸ್ವಭಾವವೇ ಬದಲಾಗುತ್ತದೆ. ಎಂಜಿನ್ ಐಡಲ್‌ನಲ್ಲಿದ್ದಾಗಲೂ ಗಾಡಿ ಮುಂದೆ ಸರಿಯುತ್ತಿದ್ದರೆ ಸ್ಪ್ರಿಂಗ್ ಮುರಿದಿದೆ ಅಥವಾ ಐಡಲ್ ಜಾಸ್ತಿಯಿದೆ. ಬ್ರೇಕ್ ಹಿಡಿದು ನಿಲ್ಲಿಸಿಕೊಂಡರೆ ಕ್ಲಚ್ಚೂ ಕಾಯುತ್ತದೆ, ಶಾಫ್ಟ್ ಮೇಲಿನ ಬ್ರೇಕ್ ಡಿಸ್ಕೂ ಕಾಯುತ್ತದೆ. ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟುವ ವಿಜಯಪುರದ ಬಿಸಿಲಲ್ಲಿ ಆ ಬಿಸಿ ನೇರ ಬೆಲ್ ಬೇರಿಂಗಿಗೆ ಹೋಗಿ ಗ್ರೀಸ್ ಕರಗಿಸುತ್ತದೆ. ಬೇರಿಂಗ್ ಕಚ್ಚಿತೆಂದರೆ ಪಿನಿಯನ್ ಶಾಫ್ಟೂ ಹೋಯಿತು.

ಡಿಫ್

ಹಳೆಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆಯಿರಿ. ಒಳಗಿನ ಸಣ್ಣ ಬೆವೆಲ್ ಗೇರು, ಅಡ್ಡ ಪಿನ್ ನೋಡಿ. ಪಿನ್ ಮೇಲೆ ಉಗುರಿಗೆ ಸಿಗುವ ಗೀರು ಇದ್ದರೆ ಬದಲಿಸಿ. ಬೆವೆಲ್ ಗೇರುಗಳಲ್ಲಿ ಲಟಪಟ ಹೆಚ್ಚಿದ್ದರೆ ಹಿಂದೆ 0.1 ಅಥವಾ 0.2 ಮಿ.ಮೀ. ಶಿಮ್ (ತೆಳು ಬಿಲ್ಲೆ) ಕೊಟ್ಟು ತೆಗೆಯಬಹುದು. ಕೈಯಿಂದ ತಿರುಗಿಸಿದಾಗ ಎಲ್ಲೂ ಬಿಗಿಯಾಗಬಾರದು.

ಸೀಲ್ ಇರುವ ಡಿಫ್ ಆದರೆ ಸಿಲಿಕೋನ್ ಎಣ್ಣೆ ಹಾಕಿ. ಸಡಿಲು ಮಣ್ಣಿಗೆ 30,000 ಸೆಂಟಿಸ್ಟೋಕಿನಿಂದ (ಎಣ್ಣೆಯ ದಪ್ಪದ ಅಳತೆ) ಶುರು ಮಾಡಿ, ಗಟ್ಟಿ ನೆಲಕ್ಕೆ 50,000ದಿಂದ 1,00,000. ತೆಳ್ಳಗಿದ್ದರೆ ತಿರುವಿನಲ್ಲಿ ಒಳಚಕ್ರ ಸುಮ್ಮನೆ ಸುತ್ತುತ್ತದೆ, ತೀರಾ ದಪ್ಪವಾದರೆ ಗಾಡಿ ತಿರುಗಲು ಒಪ್ಪದೆ ನೇರ ಹೋಗುತ್ತದೆ. ಅಡ್ಡ ಪಿನ್ ಮುಚ್ಚುವಷ್ಟು ಮಾತ್ರ ತುಂಬಿ. ಬಾಯಿತನಕ ತುಂಬಿದರೆ ಬಿಸಿಗೆ ಹಿಗ್ಗಿ ಗ್ಯಾಸ್ಕೆಟ್ ಒಡೆದು ಹೊರಬರುತ್ತದೆ. ದಪ್ಪ ಎಣ್ಣೆಯ ಗುಳ್ಳೆ ಏರಲು ಸಮಯ ಬೇಕು, ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಮುಚ್ಚಿ. ಓ-ರಿಂಗಿಗೆ ಸಿಲಿಕೋನ್ ಗ್ರೀಸ್ ಸವರಿ, ಸ್ಕ್ರೂಗಳನ್ನು ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿಯಿರಿ.

ಬೇರಿಂಗ್

ಅಳತೆ ವರ್ನಿಯರಿನಲ್ಲಿ ತೆಗೆದು ನಂಬರ್ ಹೇಳಿ ಕೊಳ್ಳಿ. 10×22×6 ಆದರೆ 6900, 12×24×6 ಆದರೆ 6901, 15×24×5 ಆದರೆ 6802, 12×28×8 ಆದರೆ 6001. ಪಂಪ್‌ಸೆಟ್ ಮೋಟರ್ ರಿಪೇರಿ ನಡೆಯುವ ಊರುಗಳಲ್ಲೆಲ್ಲ 6202, 6203 ಸುಲಭವಾಗಿ ಸಿಗುತ್ತವೆ. ತೆಳ್ಳನೆಯ 68, 69 ಸರಣಿ ಮೊದಲೇ ಹೇಳಿ ತರಿಸಬೇಕಾಗಬಹುದು. ಧೂಳಿಗೆ ರಬ್ಬರ್ ಸೀಲಿನ 2ಆರ್‌ಎಸ್ ಸರಿ. ಕ್ಲಚ್ ಬೆಲ್ ಪಕ್ಕದಲ್ಲಿ ಮಾತ್ರ ಮಾಮೂಲಿ ರಬ್ಬರ್ ಬಿಸಿಗೆ ಸೋಲುತ್ತದೆ. ಅಲ್ಲಿ ಬಿಸಿ ತಾಳುವ ಗ್ರೀಸಿನ, ಲೋಹದ ಮುಚ್ಚಳದ ಜಡ್‌ಜಡ್ ಹಾಕಿ. ಕೂರಿಸುವಾಗ ಮನೆಗೆ ಹೋಗುವ ಬೇರಿಂಗನ್ನು ಹೊರ ರಿಂಗಿನ ಮೇಲೆ, ಶಾಫ್ಟಿಗೆ ಹೋಗುವುದನ್ನು ಒಳ ರಿಂಗಿನ ಮೇಲೆ ಒತ್ತಬೇಕು. ತಪ್ಪು ರಿಂಗಿಗೆ ಸುತ್ತಿಗೆ ಬಿದ್ದರೆ ಹೊಸ ಬೇರಿಂಗ್ ಅಲ್ಲೇ ಹಾಳು.

ಜೋಡಣೆ ಮತ್ತು ಓಟ

ಲೋಹಕ್ಕೆ ಲೋಹ ಸೇರುವ ಪ್ರತಿ ಸ್ಕ್ರೂಗೂ ಎಣ್ಣೆಪಸೆ ಒರೆಸಿ ನೀಲಿ ಥ್ರೆಡ್‌ಲಾಕ್ ಒಂದು ಹನಿ. ಲಾಕ್‌ಟೈಟ್ 243 ಅಥವಾ ಅನಾಬಾಂಡಿನಲ್ಲಿ ಅದೇ ದರ್ಜೆಯದು. ಪ್ಲಾಸ್ಟಿಕ್ಕಿಗೆ ಹಚ್ಚಬೇಡಿ, ಬಿರುಕು ಬಿಡುತ್ತದೆ. ಪೂರ್ತಿ ಗಟ್ಟಿಯಾಗಲು 24 ಗಂಟೆ ಕೊಡಿ.

ಎಂಜಿನ್ ಸರಿಸಿ ಹಲ್ಲು ಹೊಂದಿಸುವ ಗಾಡಿಯಾದರೆ ಪಿನಿಯನ್-ಸ್ಪರ್ ನಡುವೆ ನೋಟ್‌ಬುಕ್ಕಿನ ಹಾಳೆಯ ಪಟ್ಟಿ ಇಟ್ಟು ಒತ್ತಿ ಬಿಗಿಯಿರಿ. ಪಟ್ಟಿ ಮಡಿಕೆಯಾಗಿ ಹೊರಬರಬೇಕು, ಹರಿಯಬಾರದು. ಸ್ಪರ್ ಅನ್ನು ನಾಲ್ಕು ಕಡೆ ತಿರುಗಿಸಿ ಪರೀಕ್ಷಿಸಿ. ಗೇರು ಸ್ವಲ್ಪ ವಕ್ರವಿದ್ದರೆ ಅತಿ ಬಿಗಿಯಾದ ಜಾಗದಲ್ಲೇ ಹೊಂದಿಸಬೇಕು.

ಮುಚ್ಚಿದ ಗೇರ್‌ಬಾಕ್ಸಿಗೆ ಮಾಲಿ (ಮಾಲಿಬ್ಡಿನಂ ಬೆರೆತ) ಗ್ರೀಸ್ ತೆಳುವಾಗಿ. ಪಿನಿಯನ್-ಸ್ಪರ್ ಕವರ್ ಎಷ್ಟೇ ಚೆನ್ನಾಗಿದ್ದರೂ ಧೂಳು ಹೊಕ್ಕೇ ಹೊಗುತ್ತದೆ. ಅಲ್ಲಿ ಗ್ರೀಸ್ ಹಾಕಿದರೆ ಮಸಾರಿ ಮಣ್ಣಿನ ಕಣ, ಇಳಕಲ್ ಕಡೆಯಾದರೆ ಕಲ್ಲುಪುಡಿ ಸೇರಿ ಗ್ರೈಂಡಿಂಗ್ ಪೇಸ್ಟ್ ಆಗುತ್ತದೆ. ಒಣಗುವ ಪಿಟಿಎಫ್‌ಇ (ಟೆಫ್ಲಾನ್) ಸ್ಪ್ರೇ ಸಾಕು. ಕವರ್ ಅಂಚಿಗೆ ಫೋಮ್ ಪಟ್ಟಿ ಅಂಟಿಸಿ. ಬೆಲ್ ಒಳಗೆ ಏನೂ ಸಿಡಿಯದಂತೆ ನೋಡಿಕೊಳ್ಳಿ.

ಚಕ್ರ ಎತ್ತಿಟ್ಟು ಪೂರ್ತಿ ಥ್ರಾಟಲ್ ಕೊಡಬೇಡಿ. ಭಾರವಿಲ್ಲದ ಎಂಜಿನ್ ಹತೋಟಿ ಮೀರುತ್ತದೆ, ಟೈರ್ ಉಬ್ಬುತ್ತದೆ. ಕಿಲ್ ಸ್ವಿಚ್, ಫೇಲ್‌ಸೇಫ್ (ರಿಮೋಟಿನ ಸಿಗ್ನಲ್ ತಪ್ಪಿದರೆ ಗಾಡಿ ನಿಲ್ಲಿಸುವ ವ್ಯವಸ್ಥೆ) ಪರೀಕ್ಷಿಸಿ ನೆಲದ ಮೇಲೇ ಅರ್ಧ ಥ್ರಾಟಲಿನಲ್ಲಿ ಹತ್ತು ನಿಮಿಷ ಓಡಿಸಿ, ನಿಲ್ಲಿಸಿ, ಎಂಜಿನ್ ಆರಿಸಿ. ಗೇರ್‌ಬಾಕ್ಸ್ ಮೇಲೆ ಕೈ ಇಡಲು ಆಗದಷ್ಟು ಬಿಸಿಯಿದ್ದರೆ ಒಳಗೆ ಯಾವುದೋ ಬಿಗಿಯಾಗಿದೆ. ಆರಿದ ಮೇಲೆ ಎಲ್ಲ ಸ್ಕ್ರೂ ಮತ್ತೊಮ್ಮೆ ನೋಡಿ.

ಸದ್ದೇ ಬಹಳಷ್ಟು ಹೇಳುತ್ತದೆ. ಒಂದೇ ಸಮನೆ ಕೀರಲು ಅಂದರೆ ಹಲ್ಲು ಬಿಗಿ. ಖಡಖಡ ಅಂದರೆ ಸಡಿಲು. ಸುತ್ತಿಗೊಮ್ಮೆ ಟಿಕ್ ಅಂದರೆ ಹಲ್ಲಿನ ಸಂದಿಯಲ್ಲಿ ಕಲ್ಲು, ಇಲ್ಲವೇ ವಕ್ರ ಗೇರು. ಥ್ರಾಟಲ್ ಕೊಟ್ಟ ಕ್ಷಣ ಮಾತ್ರ ಟಕ್ ಟಕ್ ಬಂದರೆ ಡಿಫ್ ಒಳಗಿನ ಹಲ್ಲು ಹಾರುತ್ತಿದೆ; ಆಗಲೇ ನಿಲ್ಲಿಸಿದರೆ ಒಂದು ಶಿಮ್ಮಿನಲ್ಲಿ ಮುಗಿಯಬಹುದು. ಮಳೆ ಬಿದ್ದ ಎರೆ ಹೊಲಕ್ಕಂತೂ ಇಳಿಸಲೇಬೇಡಿ. ಆ ಮಣ್ಣು ಚಕ್ರಕ್ಕೆ ಮೆತ್ತಿ ಗುಂಡಾಗುತ್ತದೆ, ತೂಕ ಏರಿದಂತೆ ಕ್ಲಚ್ ಜಾರುತ್ತದೆ, ಸುಟ್ಟ ವಾಸನೆ ಬರುವ ಹೊತ್ತಿಗೆ ಶೂ ಹೋಗಿರುತ್ತವೆ.